1986ರ ಮಹೀಂದ್ರ ಪಿಕಪ್: ಮೊದಲು ಕ್ರೌನ್ ಪಿನಿಯನ್ ಬದಲಿಸಲಾ, ಪಾಟಾ ಬದಲಿಸಲಾ?

ಕಾರಟಗಿ ಪಿಕಪ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1986ರ ಮಹೀಂದ್ರ ಪಿಕಪ್ ಇದೆ. ಜೀಪಿನ ಮುಖ, ಪ್ಯೂಜೋ ಡೀಸೆಲ್ ಇಂಜಿನ್, 4 ಗೇರ್, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಪಾಟಾ (ಒಂದರ ಮೇಲೊಂದು ಕಟ್ಟಿದ ಉಕ್ಕಿನ ಪಟ್ಟಿಗಳು). ಟೈರ್ 6.00-16. ಅಪ್ಪ ಇದರಲ್ಲೇ ಹೊಲದಿಂದ ಮಿಲ್ಲಿಗೆ ಭತ್ತ ಸಾಗಿಸುತ್ತಿದ್ದರು. ಈಗಲೂ ಬೀಜ, ಗೊಬ್ಬರ, ಸುಗ್ಗಿಯಲ್ಲಿ ನಾಲ್ಕಾರು ಚೀಲ ಭತ್ತ ಅಂತ ವಾರಕ್ಕೆ ಎರಡು ಮೂರು ಸಲ ಹೊರಗೆ ತೆಗೆಯುತ್ತೇನೆ. ಮಾರುವ ಮಾತೇ ಇಲ್ಲ.

ಇಂಜಿನ್ ಚೆನ್ನಾಗಿದೆ. ತೊಂದರೆ ಎಲ್ಲ ಅದರ ಹಿಂದೆ. 50 ದಾಟಿದರೆ ನೆಲದ ತಗಡು ಅದುರುತ್ತದೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಕೆಳಗಿನಿಂದ 'ಟಕ್' ಅಂತ ಒಂದು ಸದ್ದು. ಲೋಡು ಎಳೆಯುವಾಗ ಹೌಸಿಂಗ್ (ಹಿಂದಿನ ಆಕ್ಸಲ್ಲಿನ ಗೇರ್ ಇರುವ ಗೂಡು) ಗುಂಯ್‌ಗುಡುತ್ತದೆ. ಹಿಂದಿನ ಎಡ ಚಕ್ರದ ಡ್ರಮ್ಮಿನೊಳಗೆ ಎಣ್ಣೆ ಬರುತ್ತಿದೆ. ಖಾಲಿ ಇದ್ದಾಗ ಹಿಂಭಾಗ ಕುಣಿಯುತ್ತದೆ, ಲೋಡು ಹಾಕಿದರೆ ಎಡಕ್ಕೆ ವಾಲುತ್ತದೆ. ಹಿಂದೆ ಒಂದೊಂದು ಕಡೆ 11 ಪಾಟಾ ಇವೆ. ಅದರಲ್ಲಿ ಎರಡು ಆಮೇಲೆ ಸೇರಿಸಿದ್ದು.

ಗಂಗಾವತಿಯ ಒಬ್ಬ ಮೆಕ್ಯಾನಿಕ್ ಹೇಳುವುದು: ಕ್ರೌನ್ ಪಿನಿಯನ್ (ಹೌಸಿಂಗ್ ಒಳಗಿನ ಗೇರ್ ಜೋಡಿ) 4.27 ರೇಷಿಯೋದ್ದು, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 4.27 ಸುತ್ತು ತಿರುಗುವಂಥದ್ದು, ಹಾಕಿಸಿ, ಪ್ಯಾರಾಬೋಲಿಕ್ ಪಾಟಾ ಹಾಕಿಸಿ, ಗ್ಯಾಸ್ ಶಾಕ್ ಅಬ್ಸಾರ್ಬರ್ ಹಾಕಿಸಿ, ಗಾಡಿ ಕಾರಿನ ತರ ಓಡುತ್ತದೆ. ಇನ್ನೊಬ್ಬರು ಹೊಸ ಗಾಡಿಯ ಇಂಜಿನ್, 5 ಗೇರಿನ ಬಾಕ್ಸ್ ಎಲ್ಲ ಒಟ್ಟಿಗೆ ಕೂರಿಸಿ ಅನ್ನುತ್ತಾರೆ. ದುಡ್ಡು ಒಂದೇ ಸಲ ಹಾಕುವಷ್ಟಿಲ್ಲ. ಯಾವುದರಿಂದ ಶುರು ಮಾಡಲಿ?

ಸಿಂಧನೂರು ಹಳೇಗಾಡಿ

ಕಾರಟಗಿ ಅಣ್ಣ, ನನ್ನ ಬಳಿಯೂ ಇದೇ ಜಾತಿಯ ಗಾಡಿ ಇದೆ, ದಿನಾ ಕೆಲಸ ಮಾಡುತ್ತದೆ. ನೀವು ಬರೆದ ತೊಂದರೆಗಳಲ್ಲಿ ಒಂದಕ್ಕೂ ಹೊಸ ಸಾಮಾನಿನ ಅಪ್‌ಗ್ರೇಡ್ ಮದ್ದಲ್ಲ. ಬಹುಪಾಲು ಸವೆತ. ಸವೆದದ್ದನ್ನು ಮೊದಲು ಸರಿ ಮಾಡಿ. ಆಮೇಲೆ ಓಡಿಸಿ ನೋಡಿ, ಏನು ಬದಲಿಸಬೇಕು ಅಂತ ಗಾಡಿಯೇ ಹೇಳುತ್ತದೆ.

ಅದುರುವುದರಿಂದ ಶುರು ಮಾಡೋಣ. ಖಾಲಿ ರಸ್ತೆಯಲ್ಲಿ 55ಕ್ಕೆ ಹೋಗಿ ನ್ಯೂಟ್ರಲ್‌ಗೆ ಹಾಕಿ. ಇಂಜಿನ್ ಐಡಲ್‌ಗೆ ಇಳಿದ ಮೇಲೂ ಅದುರು ಹಾಗೇ ಇದ್ದರೆ ತಪ್ಪು ಇಂಜಿನ್ನಿನದ್ದಲ್ಲ, ಕ್ಲಚ್ಚಿನದ್ದಲ್ಲ. ಪ್ರೊಪೆಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ದಂಡ), ಅದರ ಕ್ರಾಸ್ (ತುದಿಯ ಕೀಲು) ಅಥವಾ ಚಕ್ರ. ಆಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ಬಿಡಿಸಿ, ಕೆಳಗೆ ಮಲಗಿ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ, ಮೇಲೆ ಕೆಳಗೆ ಎತ್ತಿ ನೋಡಿ. ಕ್ರಾಸಿನ ಕಪ್ಪಿನಲ್ಲಿ ಸ್ವಲ್ಪ ಆಟ ಕಂಡರೂ ಅದು ಮುಗಿದಂತೆ. ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ ಅಂತ ಅರ್ಥ. ನಿಮ್ಮ 'ಟಕ್' ಸದ್ದಿಗೂ ಬಹುಪಾಲು ಇದೇ ಕಾರಣ. ಇಲ್ಲವೆಂದರೆ ಸ್ಲಿಪ್ ಜಾಯಿಂಟಿನ (ಶಾಫ್ಟ್ ಹಿಂದೆ ಮುಂದೆ ಜಾರುವ ಜೋಡಣೆ) ಸ್ಪ್ಲೈನ್ ಹಲ್ಲು ಸವೆದಿರುತ್ತದೆ.

ಇನ್ನೊಂದು ವಿಷಯ. ಶಾಫ್ಟನ್ನು ಯಾರಾದರೂ ಹಿಂದೆ ಬಿಚ್ಚಿದ್ದರೆ, ಸ್ಲಿಪ್ ಜಾಯಿಂಟನ್ನು ಮತ್ತೆ ಸೇರಿಸುವಾಗ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ನೇರದಲ್ಲಿ ಬಂದಿವೆಯಾ ನೋಡಿ. ಒಂದು ಹಲ್ಲು ಆಚೀಚೆ ಆದರೂ ಒಂದು ಕ್ರಾಸ್ ಹುಟ್ಟಿಸಿದ ಏರಿಳಿತವನ್ನು ಇನ್ನೊಂದು ಸರಿಯಾಗಿ ಕಳೆಯುವುದಿಲ್ಲ. ಹೊಸ ಕ್ರಾಸ್ ಹಾಕಿಸಿ, ಬ್ಯಾಲೆನ್ಸ್ ಮಾಡಿಸಿ, ಆದರೂ ಅದುರುತ್ತದೆ ಅಂತ ಬೇಸರ ಪಡುವವರಲ್ಲಿ ಎಷ್ಟೋ ಜನರ ಗಾಡಿಯಲ್ಲಿ ಇದೊಂದೇ ತಪ್ಪು ಇರುತ್ತದೆ. ಶಾಫ್ಟ್ ಬಿಚ್ಚುವ ಮೊದಲೇ ಬಿಳಿ ಬಣ್ಣದಲ್ಲಿ ಗೆರೆ ಹಾಕಿಕೊಳ್ಳಿ.

ಡ್ರಮ್ಮಿಗೆ ಎಣ್ಣೆ ಬರುವುದಕ್ಕೆ ಸುಮ್ನೆ ಸೀಲ್ ಬದಲಿಸಿ ಬಿಡಬೇಡಿ. ಹೌಸಿಂಗ್ ಮೇಲೆ ಒಂದು ಸಣ್ಣ ಬ್ರೀದರ್, ಅಂದರೆ ಗಾಳಿ ಕಿಂಡಿ ಇರುತ್ತದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಕಡೆ ಭತ್ತದ ಗದ್ದೆಯ ಎರೆ ಮಣ್ಣು ಅದರ ಮೇಲೆ ಕೂತು ಗಟ್ಟಿಯಾಗಿ ಬಿಡುತ್ತದೆ. ಗಾಡಿ ಓಡಿ ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲ, ಸೀಲಿನಿಂದ ಎಣ್ಣೆಯನ್ನೇ ತಳ್ಳುತ್ತದೆ. ಅದೇ ಬಿಸಿ ಹೌಸಿಂಗ್ ಕಾಲುವೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಡ್ರೇನ್ ಪ್ಲಗ್ ಬಿಚ್ಚಿದಾಗ ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ. ನಾನು ಬ್ರೀದರ್ ಜಾಗದಲ್ಲಿ ಒಂದು ನಿಪ್ಪಲ್ ಹಾಕಿ, ರಬ್ಬರ್ ಪೈಪನ್ನು ಚಾಸಿ ಪಕ್ಕದಿಂದ ಬಾಡಿಯ ಮೇಲಿನವರೆಗೆ ಒಯ್ದಿದ್ದೇನೆ. ಆಕ್ಸಲ್ ಮೇಲೆ ಕೆಳಗೆ ಆಡಲು ಪೈಪಿನಲ್ಲಿ ಸಡಿಲ ಬಿಟ್ಟಿದ್ದೇನೆ. ನಮ್ಮ ಭಾಗದ ಗಾಡಿಗೆ ಇದಕ್ಕಿಂತ ಒಳ್ಳೆಯ ಅಪ್‌ಗ್ರೇಡ್ ನಾನು ನೋಡಿಲ್ಲ, ಖರ್ಚೂ ಏನಿಲ್ಲ.

ಎಣ್ಣೆ ಮಾತು ಬಂತಲ್ಲ. ಹೌಸಿಂಗ್‌ನಲ್ಲಿ ಹೈಪಾಯ್ಡ್ ಹಲ್ಲು, ಒಂದರ ಮೇಲೊಂದು ಜಾರುತ್ತ ತಿರುಗುತ್ತವೆ. ಅದಕ್ಕೆ ಜಿಎಲ್-5 ದರ್ಜೆಯ 90 ಎಣ್ಣೆಯೇ ಬೇಕು. ಗೇರ್‌ಬಾಕ್ಸಿಗೆ ಅದೇ ಡಬ್ಬಿಯಿಂದ ಸುರಿಯಬೇಡಿ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ ಇರುತ್ತದೆ, ಹಳೆಯ ಬಾಕ್ಸಿನ ಹಿತ್ತಾಳೆಯ ಸಿಂಕ್ರೋ ರಿಂಗಿಗೆ (ಗೇರ್ ಸಲೀಸಾಗಿ ಬೀಳಿಸುವ ಬಳೆ) ಅದು ಆಗಿಬರುವುದಿಲ್ಲ. ಅಲ್ಲಿಗೆ ಜಿಎಲ್-4. ಅಂಗಡಿಯವರು ಎರಡೂ ಒಂದೇ ಅನ್ನಬಹುದು, ಡಬ್ಬಿ ತಿರುಗಿಸಿ ಓದಿ.

ಪಾಟಾ ಬಗ್ಗೆ ರಾತ್ರಿ ಬರೆಯುತ್ತೇನೆ, ಅದು ದೊಡ್ಡದು.

ಸಂಡೂರು ಡೀಸೆಲ್

ಮೇಲಿನವರ ಮಾತಿಗೆ ನನ್ನದೊಂದು ಸೇರಿಕೆ. ನಮ್ಮ ಕಡೆ ಕೆಸರಿಗಿಂತ ಅದಿರಿನ ಧೂಳು ಜಾಸ್ತಿ. ಕಬ್ಬಿಣದ ಅದಿರಿನ ಆ ಕೆಂಪು ಪುಡಿ ಗ್ರೀಸಿನ ಜೊತೆ ಸೇರಿದರೆ ಉಜ್ಜುವ ಪೇಸ್ಟ್ ಆಗುತ್ತದೆ. ಶ್ಯಾಕಲ್ ಪಿನ್ (ಪಾಟಾ ತುದಿಯದು), ಕಿಂಗ್ ಪಿನ್ (ಮುಂದಿನ ಚಕ್ರ ಹೊರಳುವ ಕೀಲಿನದು), ಕ್ರಾಸ್ ಎಲ್ಲಕ್ಕೂ ಗ್ರೀಸ್ ಹೊಡೆಯುವಾಗ ಹಳೆಯ ಗ್ರೀಸ್ ಪೂರಾ ಹೊರಗೆ ಬಂದು ಹೊಸದರ ಬಣ್ಣ ಕಾಣುವವರೆಗೆ ಹೊಡೆಯಿರಿ. ನಿಪ್ಪಲ್ ಮೂತಿಯನ್ನು ಮೊದಲು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಧೂಳನ್ನೇ ಒಳಗೆ ತಳ್ಳಿದಂತಾಗುತ್ತದೆ. ನಾನು ಎಲ್ಲ ಕಡೆ ಲಿಥಿಯಂ ಗ್ರೀಸ್ ಒಂದೇ ಬಳಸುತ್ತೇನೆ, ಬೇರೆ ಜಾತಿಯ ಗ್ರೀಸ್ ಬೆರೆಸುವುದಿಲ್ಲ.

4.27 ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಸಂಡೂರಿನ ಏರಿನಲ್ಲಿ ಅದನ್ನು ಹಾಕಿಸಿದ ಜೀಪುಗಳು ಲೋಡು ಇದ್ದಾಗ ಮೂರನೇ ಗೇರಿನಲ್ಲೇ ಒದ್ದಾಡುವುದನ್ನು ನೋಡಿದ್ದೇನೆ. ಇಂಜಿನ್ ಬದಲಿಸುವ ಮಾತಂತೂ ತಲೆಯಿಂದ ತೆಗೆಯಿರಿ. ಆರ್‌ಸಿಯಲ್ಲಿ ಇರುವ ವಿವರ ಬದಲಾಗುವಂತೆ ಗಾಡಿ ಮಾರ್ಪಾಡು ಮಾಡುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಚೆನ್ನಾಗಿರುವ ಪ್ಯೂಜೋ ಇಂಜಿನ್ ಕಳಚಿ ಆ ತಲೆನೋವು ಯಾಕೆ ತರಬೇಕು?

ಸಿಂಧನೂರು ಹಳೇಗಾಡಿ

ಈಗ ಪಾಟಾ.

ಖಾಲಿ ಗಾಡಿ ಕುಣಿಯುವುದಕ್ಕೆ ಆ ಎರಡು ಹೆಚ್ಚುವರಿ ಪಾಟಾ ಒಂದು ಕಾರಣ. ಎಲ್ಲವೂ ಒಂದೇ ದಪ್ಪದವು ಅಂದುಕೊಂಡರೆ 11ರಲ್ಲಿ 2 ತೆಗೆದಾಗ ಬಿಗಿ ಸುಮಾರು ಶೇ. 18 ಇಳಿಯುತ್ತದೆ. ಸೇರಿಸಿದವು ದಪ್ಪ ಇದ್ದರೆ ಇನ್ನೂ ಜಾಸ್ತಿ ಇಳಿಯುತ್ತದೆ, ಯಾಕೆಂದರೆ ಪಾಟಾದ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 6 ಮಿಮೀ ಜಾಗದಲ್ಲಿ 7 ಮಿಮೀ ಪಟ್ಟಿ ಹಾಕಿದರೆ ಆ ಒಂದು ಪಟ್ಟಿಯ ಬಿಗಿ ಸುಮಾರು ಶೇ. 60 ಏರಿತು. ಕಂಡವರು ಕಂಡ ಪಟ್ಟಿ ಸೇರಿಸುವುದು ಅದಕ್ಕೇ ಅಪಾಯ.

ಆದರೆ ನಿಮಗೆ ಲೋಡೂ ಬೇಕು, ಅಲ್ವಾ? ನಮ್ಮ ಕಡೆಯ ಭತ್ತದ ಚೀಲ 75 ಕೆಜಿ. ಹತ್ತು ಚೀಲ ಹಾಕಿದರೆ ಮುಕ್ಕಾಲು ಟನ್. ಅದಕ್ಕೆ ಒಳ್ಳೆಯ ದಾರಿ ಹೆಲ್ಪರ್ ಪಾಟಾ. ಮೂಲ ಕಟ್ಟು ಹಾಗೇ ಇರಲಿ. ಅದರ ಮೇಲೆ ಚಪ್ಪಟೆಯಾದ ಹೆಲ್ಪರ್ ಕೂರಿಸಿ, ಅದರ ತುದಿಗೆ ಚಾಸಿಯಲ್ಲಿ ಎರಡು ಬ್ರಾಕೆಟ್. ಖಾಲಿ ಇದ್ದಾಗ ತುದಿ ಬ್ರಾಕೆಟ್‌ಗೆ ತಾಕುವುದೇ ಇಲ್ಲ, ಗಾಡಿ ಮೃದುವಾಗಿ ಹೋಗುತ್ತದೆ. ಲೋಡು ಬಿದ್ದು ಕಟ್ಟು ಕುಗ್ಗಿದ ಮೇಲೆ ಹೆಲ್ಪರ್ ಕೆಲಸಕ್ಕೆ ಬರುತ್ತದೆ. ಲಾರಿಗಳಲ್ಲಿ ಇದನ್ನು ದಿನಾ ನೋಡುತ್ತೀರಿ.

ಪ್ಯಾರಾಬೋಲಿಕ್ ಪಾಟಾ ಒಳ್ಳೆಯದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಪಟ್ಟಿ ನಡುವೆ ದಪ್ಪ, ತುದಿಗೆ ತೆಳ್ಳಗೆ. ಎರಡು ಮೂರು ಪಟ್ಟಿ ಸಾಕು. ಪಟ್ಟಿಗಳ ನಡುವೆ ಸಂದಿ ಇರುವುದರಿಂದ ಉಜ್ಜಾಟ ಕಡಿಮೆ, ಸವಾರಿ ನಯ. ಆದರೆ ಆ ಉಜ್ಜಾಟವೇ ಹಳೆಯ ಕಟ್ಟಿನಲ್ಲಿ ಕುಣಿತವನ್ನೂ ಸ್ವಲ್ಪ ತಡೆಯುತ್ತಿತ್ತು. ಅದು ಹೋದರೆ ಶಾಕ್ ಅಬ್ಸಾರ್ಬರ್ ಒಳ್ಳೆಯದು ಇರಲೇಬೇಕು. ಮತ್ತೆ, ಆ ತೆಳುವಾಗುವ ಆಕಾರ ಕಾರ್ಖಾನೆಯಲ್ಲಿ ರೋಲ್ ಮಾಡಿ ಬರುವಂಥದ್ದು. ಸಾಧಾರಣ ಪಟ್ಟಿಗಳಲ್ಲಿ ಮೂರನ್ನು ಇಟ್ಟು ಉಳಿದದ್ದು ತೆಗೆದು ಪ್ಯಾರಾಬೋಲಿಕ್ ಅಂತ ಯಾರಾದರೂ ಕೊಟ್ಟರೆ ತಗೋಬೇಡಿ. ಮೊದಲ ಭಾರಕ್ಕೇ ಕೂರುತ್ತದೆ.

ಎಡಕ್ಕೆ ವಾಲುವುದಕ್ಕೆ ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಸರಿ ಮಾಡಿ, ಹೌಸಿಂಗ್ ಟ್ಯೂಬಿನಿಂದ ಚಾಸಿವರೆಗೆ ಎರಡೂ ಕಡೆ ಅಳೆಯಿರಿ. ಆಮೇಲೆ ಕಟ್ಟು ಬಿಚ್ಚಿಸಿ ಒಂದೊಂದೇ ಪಟ್ಟಿ ನೋಡಿ. ಸೆಂಟರ್ ಬೋಲ್ಟ್ ತೂತಿನ ಹತ್ತಿರ ಕೂದಲೆಳೆಯ ಬಿರುಕು ಇರುತ್ತದೆ, ಡೀಸೆಲ್ ಹಚ್ಚಿ ಒರೆಸಿ ಸುಣ್ಣ ಬಳಿದರೆ ಎದ್ದು ಕಾಣುತ್ತದೆ. ಬಿರುಕಿಲ್ಲದ ಪಟ್ಟಿಗಳಿಗೆ ಮತ್ತೆ ಬಾಗು ಕೊಡಿಸಬಹುದು, ಆದರೆ ತಣ್ಣಗೇ ಬಾಗಿಸುವವರ ಹತ್ತಿರ ಹೋಗಿ. ಗ್ಯಾಸ್ ಬೆಂಕಿ ಹಿಡಿದು ಅಲ್ಲಲ್ಲಿ ಕೆಂಪಗೆ ಮಾಡಿ ಬಾಗಿಸಿದರೆ ಆ ಜಾಗದ ಹದ ಹೋಗಿ ಪಟ್ಟಿ ಮೆತ್ತಗಾಗುತ್ತದೆ. ಆಮೇಲೆ ತುಕ್ಕು ಉಜ್ಜಿ ತೆಗೆದು, ತುದಿಗಳಿಗೆ ಗ್ರಾಫೈಟ್ ಗ್ರೀಸ್ ಹಚ್ಚಿ, ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್, ಹೊಸ ಬುಷ್ ಹಾಕಿ ಕಟ್ಟಿಸಿ. ಬುಷ್ ಸವೆದಿದ್ದರೆ ಎಷ್ಟು ಒಳ್ಳೆಯ ಪಾಟಾ ಇದ್ದರೂ ಗಾಡಿ ನೇರ ಹೋಗುವುದಿಲ್ಲ. ಯು ಬೋಲ್ಟ್ ನಟ್ಟುಗಳನ್ನು ಒಮ್ಮೆ ಲೋಡು ಹೊತ್ತು ಬಂದ ಮೇಲೆ ಮತ್ತೆ ಬಿಗಿ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಸೆಂಟರ್ ಬೋಲ್ಟ್ ಮುರಿದು ಹೌಸಿಂಗ್ ಹಿಂದೆ ಸರಿಯುತ್ತದೆ.

ಬಾಗು ಕೊಡಿಸಿದ ಮೇಲೆ ಗಾಡಿ ಎತ್ತರವಾಗುತ್ತದೆ. ಆಗ ಪಿನಿಯನ್ನಿನ ಕೋನ ನೋಡಿ. ಗೇರ್‌ಬಾಕ್ಸ್ ಶಾಫ್ಟಿನ ಗೆರೆಯೂ ಪಿನಿಯನ್ ಗೆರೆಯೂ ಸಮಾನಾಂತರ ಇರಬೇಕು. ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಪಾಟಾ ಮತ್ತು ಹೌಸಿಂಗ್ ನಡುವೆ ಓರೆ ಪ್ಲೇಟ್ ಕೂರಿಸಿ. ಇಲ್ಲದಿದ್ದರೆ ಅದುರು ವಾಪಸ್ ಬಂತು ಅಂತ ನೀವೇ ಇಲ್ಲಿ ಬಂದು ಬರೆಯುತ್ತೀರಿ.

ಕಾರಟಗಿ ಪಿಕಪ್

ಇಬ್ಬರಿಗೂ ತುಂಬಾ ಧನ್ಯವಾದ. ನ್ಯೂಟ್ರಲ್ ಪರೀಕ್ಷೆ ಮಾಡಿದೆ, ಅದುರು ಹಾಗೇ ಇತ್ತು. ಹಿಂದಿನ ಕ್ರಾಸಿನಲ್ಲಿ ಎರಡು ಕಪ್ ಒಣಗಿ ಹೋಗಿದ್ದವು. ಹೊಸ ಕ್ರಾಸ್ ಹಾಕಿದ ಮೇಲೆ 60ರವರೆಗೆ ಅದುರು ಇಲ್ಲ, 'ಟಕ್' ಸದ್ದು ಮುಕ್ಕಾಲು ಪಾಲು ಹೋಗಿದೆ. ಬ್ರೀದರ್ ಪೂರ್ತಿ ಮಣ್ಣು ತುಂಬಿ ಮುಚ್ಚಿಹೋಗಿತ್ತು, ನೀವು ಹೇಳಿದಂತೆ ಪೈಪ್ ಹಾಕುತ್ತಿದ್ದೇನೆ. ಪಾಟಾ ಮುಂದಿನ ತಿಂಗಳು.

ಆದರೆ ಹೌಸಿಂಗ್ ಗುಂಯ್‌ಗುಡುವುದು ಹಾಗೇ ಇದೆ. ಎಳೆಯುವಾಗ ಮಾತ್ರ ಬರುತ್ತದೆ, ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತದೆ. ತೆಗೆದು ನೋಡಿದರೆ ಪಿನಿಯನ್ ಹಲ್ಲಿನ ಮೇಲೆ ಗುಳಿ ಬಿದ್ದಿವೆ. ಹೇಗಿದ್ದರೂ ಬದಲಿಸಬೇಕು ಅಂದ ಮೇಲೆ 4.27 ಬೇಡ ಅಂದರೆ ಯಾವುದು? ನನ್ನದರಲ್ಲಿ ಕ್ರೌನ್ 43 ಹಲ್ಲು, ಪಿನಿಯನ್ 8.

ಸಿಂಧನೂರು ಹಳೇಗಾಡಿ

43ಕ್ಕೆ 8 ಅಂದರೆ 5.38, ಹಳೆಯ ಜೀಪಿನ ರೇಷಿಯೋ. ನಿಮಗೆ 4.88 ಸರಿ, ಅಂದರೆ 39ಕ್ಕೆ 8.

ಲೆಕ್ಕ ನೋಡಿ. 6.00-16 ಟೈರಿನಲ್ಲಿ, ಟಾಪ್ ಗೇರಿನಲ್ಲಿ 60 ಕಿಮೀ ವೇಗಕ್ಕೆ ಇಂಜಿನ್ ಈಗ ಸುಮಾರು 2400 ಸುತ್ತು ತಿರುಗುತ್ತಿದೆ. 4.88ರಲ್ಲಿ ಅದು 2200 ಆಗುತ್ತದೆ, 4.27ರಲ್ಲಿ 1900. ಕಿವಿಗೆ 1900 ಹಿತವಾಗಿರುತ್ತದೆ, ಒಪ್ಪುತ್ತೇನೆ. ಆದರೆ ಚಕ್ರಕ್ಕೆ ಸಿಗುವ ಎಳೆತ ಎಲ್ಲ ಗೇರಿನಲ್ಲೂ ಶೇ. 20 ಕಡಿಮೆಯಾಗುತ್ತದೆ. 4.88ರಲ್ಲಿ ಶೇ. 9 ಮಾತ್ರ. ಕೆಸರು ಗದ್ದೆಯ ಬದುವಿನಿಂದ ಭತ್ತ ತುಂಬಿಕೊಂಡು ರಸ್ತೆಗೆ ಏರುವಾಗ ಆ ವ್ಯತ್ಯಾಸ ಕ್ಲಚ್ ಪ್ಲೇಟಿನ ಮೇಲೆ ಬೀಳುತ್ತದೆ. ರಸ್ತೆಯಲ್ಲೇ ಓಡುವ ಗಾಡಿಗೆ 4.27 ಚೆನ್ನ. ನಿಮ್ಮದು ಹೊಲದ ಗಾಡಿ.

ಜೋಡಿಯಾಗಿ ಬಂದ ಕ್ರೌನ್ ಪಿನಿಯನ್ನನ್ನೇ ತಗೊಳ್ಳಿ. ಎರಡರ ಮೇಲೂ ಒಂದೇ ನಂಬರ್ ಕೊರೆದಿರುತ್ತದೆ. ಒಂದು ಇಲ್ಲಿಂದ, ಒಂದು ಅಲ್ಲಿಂದ ತಂದರೆ ಯಾವ ಮೇಸ್ತ್ರಿಯೂ ಸದ್ದು ನಿಲ್ಲಿಸಲಾರ. ಬೇರಿಂಗ್ ಎಲ್ಲ ಹೊಸದು ಹಾಕಿಸಿ.

ಸಂಡೂರು ಡೀಸೆಲ್

ಕೂರಿಸುವಾಗ ನೀವು ಪಕ್ಕದಲ್ಲೇ ನಿಂತಿರಿ. ಡಯಲ್ ಗೇಜ್ (ಕೂದಲೆಳೆಯಷ್ಟು ಆಟವನ್ನೂ ಅಳೆಯುವ ಮುಳ್ಳಿನ ಮಾಪಕ) ಇಲ್ಲದೆ ಕೈಯಲ್ಲಿ ಅಲ್ಲಾಡಿಸಿ "ಸರಿ ಇದೆ" ಅನ್ನುವವರಿಗೆ ಈ ಕೆಲಸ ಕೊಡಬೇಡಿ. ಈ ಡಾನಾ 44 (ಜೀಪಿನ ಒಂದು ಆಕ್ಸಲ್ ಮಾದರಿ) ತರದ ಹೌಸಿಂಗ್‌ನಲ್ಲಿ ಹಲ್ಲುಗಳ ನಡುವಿನ ಆಟ 0.13ರಿಂದ 0.20 ಮಿಮೀ ಒಳಗೆ ಇರಲಿ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುಭಾಗದಲ್ಲಿ ಬರಬೇಕು. ಬುಡದಲ್ಲಿ ಬಂದರೆ ಪಿನಿಯನ್ ಜಾಸ್ತಿ ಒಳಗಿದೆ, ತುದಿಯಲ್ಲಿ ಬಂದರೆ ದೂರ ಇದೆ. ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ತೆಗೆದು ಸರಿ ಮಾಡುವುದಕ್ಕೆ ಅರ್ಧ ದಿನ ಹಿಡಿಯಬಹುದು, ಹಿಡಿಯಲಿ.

ಮೊದಲ 500 ಕಿಮೀ ಲೋಡು ಬೇಡ. ಶುರುವಿನಲ್ಲಿ ಇಪ್ಪತ್ತು ಇಪ್ಪತ್ತೈದು ಕಿಮೀ ಓಡಿಸಿ ಹೌಸಿಂಗ್ ತಣ್ಣಗಾಗಲು ಬಿಡಿ. ಆಮೇಲೆ ಎಣ್ಣೆ ಇಳಿಸಿ ಹೊಸದು ಹಾಕಿ, ಮೊದಲ ಎಣ್ಣೆಯಲ್ಲಿ ಕಬ್ಬಿಣದ ಸಣ್ಣ ಪುಡಿ ಇರುತ್ತದೆ.

ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್ ಕಡೆಯಿಂದ ಬರುವುದರಿಂದ ಇನ್ನು ಮೇಲೆ ಅದು ಕಡಿಮೆ ತೋರಿಸುತ್ತದೆ. ಮುಳ್ಳು 54ರಲ್ಲಿದ್ದಾಗ ನೀವು 60ರಲ್ಲಿ ಇರುತ್ತೀರಿ. ಬ್ರೇಕ್ ಹಳೆಯ ಡ್ರಮ್ಮೇ ತಾನೆ? ಎಡ ಚಕ್ರದ ಲೈನಿಂಗ್ ಎಣ್ಣೆ ಕುಡಿದಿದೆ, ಅದನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ. ಹಿಂದಿನ ಎರಡೂ ಚಕ್ರಕ್ಕೆ ಹೊಸ ಲೈನಿಂಗ್ ಹಾಕಿಸಿದ ಮೇಲೆಯೇ ರಸ್ತೆಗೆ ತೆಗೆಯಿರಿ.

ಕಾರಟಗಿ ಪಿಕಪ್

ಸರಿ. 39ಕ್ಕೆ 8ರ ಜೋಡಿ, ಬೇರಿಂಗ್, ಸೀಲ್, ಎರಡು ಕಡೆ ಲೈನಿಂಗ್ ಪಟ್ಟಿ ಮಾಡಿದ್ದೇನೆ. ನಾಳೆ ಬಳ್ಳಾರಿಗೆ ಹೋಗಿ ವಿಚಾರಿಸುತ್ತೇನೆ. ಡಯಲ್ ಗೇಜ್ ಇಟ್ಟುಕೊಂಡು ಹೌಸಿಂಗ್ ಕೆಲಸ ಮಾಡುವವರು ಸಿಂಧನೂರು, ಗಂಗಾವತಿ ಕಡೆ ಯಾರಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ.