ಡೆಲಿಕೇಟ್ ಆರ್ಚ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ದಾರಿಗೆಬಂದವ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಯೂಟಾ ರಾಜ್ಯದ ಆರ್ಚಸ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, ಏಳು ವರ್ಷದ ಮಗಳು, ಜೊತೆಗೆ ಅಪ್ಪ ಅಮ್ಮ. ಅಲ್ಲಿನ ಡೆಲಿಕೇಟ್ ಆರ್ಚ್ ಅನ್ನೋ ಕಲ್ಲಿನ ಕಮಾನು ನೋಡಲೇಬೇಕು ಅಂತ ಅಮ್ಮನಿಗೆ ತುಂಬಾ ಆಸೆ, ಯೂಟಾದ ಕಾರುಗಳ ನಂಬರ್ ಪ್ಲೇಟಿನ ಮೇಲೂ ಅದೇ ಕಮಾನಿನ ಚಿತ್ರ ನೋಡಿದ್ದಾರೆ. ಹೋಗಿ ಬರಲು ಮೂರು ಮೈಲಿ ಅಂತ ಓದಿದೆ, ಅಂದರೆ ಐದು ಕಿಲೋಮೀಟರಿಗೂ ಕಡಿಮೆ. ಅಮ್ಮ ದಿನಾ ಅಷ್ಟು ನಡೆಯುತ್ತಾರೆ. ಆದರೆ ಅಪ್ಪನಿಗೆ ಮಂಡಿನೋವು, ಇಳಿಯುವಾಗ ಜಾಸ್ತಿ. ಕೆಲವರು ಸುಲಭ ಅಂತಾರೆ, ಕೆಲವರು ಸುಸ್ತಾಗಿ ಅರ್ಧಕ್ಕೇ ವಾಪಸ್ ಬಂದೆವು ಅಂತಾರೆ. ಯಾವುದನ್ನು ನಂಬೋದು? ಸೂರ್ಯಾಸ್ತಕ್ಕೆ ಹೋಗೋದೋ, ಬೆಳಿಗ್ಗೆಯೋ?

ಕೆಂಪುಕಲ್ಲು

ಇಬ್ಬರು ಹೇಳಿದ್ದೂ ನಿಜ. ದೂರ ನೋಡಿ ಈ ದಾರಿಯನ್ನು ಅಳೆಯಬೇಡಿ. ಏರು ಸುಮಾರು 480 ಅಡಿ, ಅದೇನೂ ದೊಡ್ಡ ಬೆಟ್ಟವಲ್ಲ. ಕಷ್ಟ ಇರೋದು ಬಿಸಿಲಲ್ಲಿ. ಶುರುವಿನಿಂದ ಕೊನೆಯವರೆಗೆ ನೆರಳು ಅನ್ನೋದೇ ಇಲ್ಲ.

ಮೊದಲ ಅರ್ಧ ಮೈಲಿ ಅಗಲವಾದ, ಚೆನ್ನಾಗಿ ಮಾಡಿದ ಹಾದಿ. ಅಪ್ಪನವರಿಗೂ ತೊಂದರೆ ಆಗಲಿಕ್ಕಿಲ್ಲ. ಅದಾದ ಮೇಲೆ ಬರೋದು ಬರೀ ಬಂಡೆ. ಒಂದೇ ದೊಡ್ಡ ಬೋಳು ಬಂಡೆ ಓರೆಯಾಗಿ ಮೇಲಕ್ಕೆ ಎದ್ದಿದೆ, ಅದರ ಮೇಲೆ ಮೆಟ್ಟಿಲಿಲ್ಲ, ಹಿಡಿದುಕೊಳ್ಳಲು ಕಂಬಿ ಇಲ್ಲ, ಕಲ್ಲು ಪೇರಿಸಿಟ್ಟ ಗುರುತುಗಳನ್ನು ನೋಡಿಕೊಂಡು ಹತ್ತುತ್ತಾ ಹೋಗಬೇಕು. ಒಣಗಿದ ಬಂಡೆ ಕಾಲಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಆದರೆ ಅದರ ಮೇಲೆ ಅಲ್ಲಲ್ಲಿ ಸಣ್ಣ ಮರಳು ಹರಡಿರುತ್ತದೆ, ಜಾರೋದು ಅದರ ಮೇಲೆ, ಅದೂ ಇಳಿಯುವಾಗ. ಮಂಡಿನೋವು ಇರುವವರಿಗೆ ಕೋಲು ಕೊಡಿ, ಅಡಿ ಸವೆದ ಶೂ ಬೇಡ.

ಕೊನೆಯ 200 ಗಜ ಬಂಡೆಯ ಬದಿಯಲ್ಲಿ ಕೊರೆದ ದಾರಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಆಳ. ಎದುರಿಗೆ ಬರುವವರಿಗೆ ಜಾಗ ಬಿಡುವಷ್ಟು ಅಗಲ ಇದೆ. ಆದರೂ ಮಗಳ ಕೈ ಹಿಡಿದು, ಅವಳನ್ನು ಗೋಡೆ ಕಡೆಗೇ ನಡೆಸಿ. ಎತ್ತರದ ಭಯ ಇರುವವರು ಇಲ್ಲಿ ನಿಂತುಬಿಡುವುದುಂಟು.

ಕಮಾನು ಮಾತ್ರ ಕೊನೆ ತಿರುವಿನವರೆಗೂ ಕಾಣೋದಿಲ್ಲ. ತಿರುಗಿದ ತಕ್ಷಣ ದೊಡ್ಡ ಬಟ್ಟಲಿನ ಆಕಾರದ ಬಂಡೆ, ಅದರ ಅಂಚಿನಲ್ಲಿ ಒಂಟಿಯಾಗಿ ನಿಂತಿರೋ ಕಮಾನು, ಹಿಂದೆ ಲಾ ಸಾಲ್ ಬೆಟ್ಟಗಳು. ನಾನು ನೋಡಿದ ಕಲ್ಲುಗಳಲ್ಲೇ ಇದರಷ್ಟು ಚೆಂದದ್ದು ಇನ್ನೊಂದಿಲ್ಲ.

ನೀರುಬಾಟಲಿ

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ನೀರು ತಲಾ ಎರಡು ಲೀಟರ್ ಆದರೂ ಇರಲಿ, ಮಗುವಿಗೂ ಬೇರೆ ಬಾಟಲಿ. ನಡಿಗೆ ಶುರುವಾಗುವ ವುಲ್ಫ್ ರಾಂಚ್ ಹತ್ತಿರ ಕುಡಿಯುವ ನೀರು ಸಿಗೋದಿಲ್ಲ. ಪಾರ್ಕಿನ ಬಾಗಿಲಲ್ಲೇ ಇರುವ ವಿಸಿಟರ್ ಸೆಂಟರಿನಲ್ಲಿ ತುಂಬಿಸಿಕೊಂಡೇ ಒಳಗೆ ಹೋಗಿ. ಬೇಸಿಗೆಯಲ್ಲಿ ಅಲ್ಲಿ 38 ಡಿಗ್ರಿ ದಾಟೋದು ಮಾಮೂಲು, ಸೆಪ್ಟೆಂಬರ್ ಕೊನೆಗೆ ತಗ್ಗಿರುತ್ತದೆ, ಆದರೂ ನಡು ಮಧ್ಯಾಹ್ನ ಬೇಡ.

ಇನ್ನು ಸೂರ್ಯಾಸ್ತ. ಬೆಳಕು ಆಗಲೇ ಚೆಂದ, ನಿಜ. ಸಂಜೆ ಬಿಸಿಲು ಬಿದ್ದರೆ ಕಲ್ಲು ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಜನ ಕಿಕ್ಕಿರಿಯೋದು, ಪಾರ್ಕಿಂಗ್ ತುಂಬಿಹೋಗೋದು. ಆಮೇಲೆ ಆ ಓರೆ ಬಂಡೆಯನ್ನು ಕತ್ತಲಲ್ಲಿ ಇಳಿಯಬೇಕು, ಕಲ್ಲಿನ ಗುರುತುಗಳು ಕಾಣೋದಿಲ್ಲ. ಮಂಡಿನೋವಿನ ಹಿರಿಯರು, ಏಳು ವರ್ಷದ ಮಗು ಜೊತೆಗಿದ್ದರೆ ನಾನಂತೂ ಬೆಳಿಗ್ಗೆನೇ ಹೋಗಿ ಅಂತೀನಿ. ಬೆಳಕು ಹರಿಯುತ್ತಿದ್ದಂತೆ ಹೊರಟರೆ ತಂಪಲ್ಲೇ ಹತ್ತಿ ಮುಗಿಯುತ್ತದೆ. ಫೋಟೋ ಸ್ವಲ್ಪ ಮಂಕಾದರೂ ಪರವಾಗಿಲ್ಲ.

ಶುರುವಿನಲ್ಲಿ ಸಿಗುವ ಹಳೆ ಮರದ ಮನೆಯನ್ನು ನೋಡದೆ ದಾಟಿಬಿಡಬೇಡಿ. ಜಾನ್ ವೆಸ್ಲಿ ವುಲ್ಫ್ ಎಂಬಾತ 1898ರಲ್ಲಿ ಮಗನ ಜೊತೆ ಬಂದು ದನ ಸಾಕಿಕೊಂಡಿದ್ದ ಜಾಗ ಅದು. ಈಗಿರುವ ಗುಡಿಸಲು 1906ರದ್ದು, ಮಗಳ ಸಂಸಾರ ಬಂದಾಗ ಕಟ್ಟಿದ್ದು. ಒಂದೇ ಕೋಣೆ! ಹೊಳೆ ದಾಟಿದ ಮೇಲೆ ಎಡಕ್ಕೆ ಸಣ್ಣ ಕವಲು ಇದೆ, ಅಲ್ಲಿ ಬಂಡೆಯ ಮೇಲೆ ಆ ಸೀಮೆಯ ಮೂಲನಿವಾಸಿಗಳಾದ ಯೂಟ್ ಜನ ಕೆತ್ತಿದ ಚಿತ್ರಗಳಿವೆ: ಕುದುರೆ ಸವಾರರು, ಸುತ್ತ ದೊಡ್ಡ ಕೊಂಬಿನ ಕಾಡುಕುರಿಗಳು. ಅಲ್ಲಿಗೆ ಕುದುರೆ ತಂದದ್ದೇ ಸ್ಪೇನಿನವರು, ಹಾಗಾಗಿ ಕುದುರೆ ಇರೋದರಿಂದಲೇ ಈ ಚಿತ್ರಗಳು ಅವರು ಬಂದ ಮೇಲಿನದ್ದು ಅಂತ ಗೊತ್ತಾಗೋದು. ಮಗಳಿಗೆ ತೋರಿಸಿ, ಮುಟ್ಟಲು ಮಾತ್ರ ಬಿಡಬೇಡಿ, ಕೈಯ ಎಣ್ಣೆ ಜಿಡ್ಡಿಗೆ ಅವು ಹಾಳಾಗುತ್ತವೆ.

ದಾರಿಗೆಬಂದವ

ತುಂಬಾ ಉಪಕಾರ ಆಯ್ತು. ಬೆಳಿಗ್ಗೆ ಅಂತಲೇ ಇಟ್ಟುಕೊಳ್ಳುತ್ತೇವೆ. ಮಗಳು ಈಗಲೇ ಕೇಳ್ತಿದ್ದಾಳೆ, ಕಲ್ಲಿಗೆ ಅಷ್ಟು ದೊಡ್ಡ ತೂತು ಯಾರು ಮಾಡಿದ್ದು ಅಂತ. ಏನು ಹೇಳಲಿ? ಇನ್ನೊಂದು, ಅಪ್ಪನಿಗೆ ಬಂಡೆ ಹತ್ತಲು ಆಗದಿದ್ದರೆ ಏನು ಮಾಡೋದು?

ಮರಳುಗಾಡು

ಮಗಳಿಗೆ ನೀರು ಮಾಡಿದ್ದು ಅಂತ ಹೇಳಿ. ನಂಬೋದಿಲ್ಲ, ಸುತ್ತಲೂ ಒಣ ನೆಲ ಅಲ್ವಾ. ಆದರೆ ಅದೇ ನಿಜ. ಈ ನೆಲದ ಕೆಳಗೆ ಆಳದಲ್ಲಿ ದಪ್ಪನೆಯ ಉಪ್ಪಿನ ಪದರ ಇದೆ, ಬಹಳ ಹಿಂದೆ ಅಲ್ಲಿದ್ದ ಸಮುದ್ರ ಆರಿ ಉಳಿದದ್ದು. ಮೇಲಿನ ಕಲ್ಲಿನ ಭಾರಕ್ಕೆ ಆ ಉಪ್ಪು ನಿಧಾನವಾಗಿ ಸರಿದು ಉಬ್ಬಿತು, ಮೇಲಿದ್ದ ಮರಳುಗಲ್ಲು ಉದ್ದುದ್ದ ಸೀಳಿತು. ಆ ಸೀಳುಗಳಲ್ಲಿ ಮಳೆ ನೀರು ಇಳಿದು ಮರಳಿನ ಕಣಗಳನ್ನು ಹಿಡಿದಿಟ್ಟ ಸುಣ್ಣದ ಅಂಶವನ್ನು ಕರಗಿಸುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಫ್ರೀಜರಿನಲ್ಲಿಟ್ಟ ತುಂಬಿದ ಬಾಟಲಿ ಒಡೆಯುತ್ತಲ್ಲ, ಹಾಗೆ. ಮೊದಲು ಗೋಡೆಯಂಥ ತೆಳು ಬಂಡೆಗಳು ಉಳಿಯುತ್ತವೆ. ಅವುಗಳ ಮೆದು ಜಾಗ ಉದುರಿ ತೂತಾಗುತ್ತದೆ. ಪಾರ್ಕಿನಲ್ಲಿ ಇಂಥವು 2,000ಕ್ಕೂ ಹೆಚ್ಚಿವೆ.

ಡೆಲಿಕೇಟ್ ಆರ್ಚ್‌ನ ಕಿಂಡಿ ಒಂದರದೇ ಎತ್ತರ 46 ಅಡಿ. ಹತ್ತಿರ ಹೋದಾಗ ಎರಡು ಕಾಲುಗಳನ್ನೂ ನೋಡಿ, ಒಂದು ನಡುವಿನಲ್ಲಿ ಎಷ್ಟು ಸವೆದು ಸಣ್ಣಗಾಗಿದೆ ಅಂತ. ಇವೆಲ್ಲ ಶಾಶ್ವತ ಅಲ್ಲ. ಅದೇ ಪಾರ್ಕಿನ ವಾಲ್ ಆರ್ಚ್ 2008ರ ಆಗಸ್ಟಿನಲ್ಲಿ ರಾತ್ರೋರಾತ್ರಿ ಬಿದ್ದುಹೋಯಿತು. ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ 1991ರಲ್ಲಿ ದೊಡ್ಡ ಚಕ್ಕೆ ಕಳಚಿದ ಮೇಲೆ ಅದರ ಕೆಳಗೆ ಹೋಗುವ ದಾರಿಯನ್ನೇ ಮುಚ್ಚಿದರು. ಹಾಗಾಗಿ ಕಲ್ಲಿನ ಮೇಲೆ ಹೆಸರು ಕೊರೆಯೋದನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಹಾದಿ ಬಿಟ್ಟು ಮರಳ ಮೇಲೂ ಕಾಲಿಡಬೇಡಿ. ಕಪ್ಪಗೆ ಗಂಟುಗಂಟಾಗಿ ಕಾಣುವ ಆ ನೆಲದಲ್ಲಿ ಜೀವ ಇದೆ, ಒಂದು ಹೆಜ್ಜೆಗೆ ಹಾಳಾದದ್ದು ಸರಿಹೋಗಲು ವರ್ಷಗಟ್ಟಲೆ ಬೇಕು.

ತಂದೆಯವರ ವಿಷಯ: ವುಲ್ಫ್ ರಾಂಚ್ ದಾಟಿ ಅದೇ ರಸ್ತೆಯಲ್ಲಿ ಒಂದು ಮೈಲಿ ಚಿಲ್ಲರೆ ಮುಂದೆ ಹೋದರೆ ಡೆಲಿಕೇಟ್ ಆರ್ಚ್ ವ್ಯೂಪಾಯಿಂಟ್ ಸಿಗುತ್ತದೆ. ಕೆಳಗಿನ ವ್ಯೂಪಾಯಿಂಟಿಗೆ ಕಾರಿನಿಂದ ಇಳಿದು ನಾಲ್ಕು ಹೆಜ್ಜೆ, ಸಮತಟ್ಟು ನೆಲ, ಗಾಲಿಕುರ್ಚಿಯೂ ಹೋಗುತ್ತದೆ. ಕಮಾನು ಅಲ್ಲಿಂದ ಒಂದು ಮೈಲಿ ದೂರದಲ್ಲಿ ಚಿಕ್ಕದಾಗಿ ಕಾಣುತ್ತದೆ, ದುರ್ಬೀನು ಇದ್ದರೆ ಒಯ್ಯಿರಿ. ಬಂಡೆಯ ಬುಡದವರೆಗೆ ಎಲ್ಲರೂ ಒಟ್ಟಿಗೆ ಹೋಗಿ. ಅಲ್ಲಿ ಅಪ್ಪ ಬೇಡ ಅಂದರೆ ಒತ್ತಾಯ ಮಾಡಬೇಡಿ, ಅವರ ಜೊತೆ ಒಬ್ಬರು ವಾಪಸ್ ಬಂದು ವ್ಯೂಪಾಯಿಂಟಿಗೆ ಕಾರಿನಲ್ಲಿ ಕರೆದುಕೊಂಡು ಹೋಗಲಿ. ಫೋನ್ ಸಿಗ್ನಲ್ ನಂಬಬೇಡಿ, ಎಲ್ಲಿ ಎಷ್ಟು ಹೊತ್ತಿಗೆ ಸೇರೋದು ಅಂತ ಮೊದಲೇ ಮಾತಾಡಿಕೊಳ್ಳಿ. ಹೋಗಿ ಬರಲು ಎರಡರಿಂದ ಮೂರು ಗಂಟೆ ಹಿಡಿಯುತ್ತದೆ.