ಮೂರು ದಿನದಿಂದ ನಾಯಿ ಮಂಕು. ವಾಂತಿ ಇಲ್ಲ, ಭೇದಿ ಇಲ್ಲ. ಏನೋ ತಿಂದಿರಬಹುದಾ?

ತೋಟದಮನೆ (ಸಾಗರ ತಾಲ್ಲೂಕು), ಬುಧವಾರ ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ನಮ್ಮ ಕರಿಯ ಊರ ನಾಯಿ, ಮೂರು ವರ್ಷ, 18 ಕೆ.ಜಿ. ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಾನೆ. ಈ ವರ್ಷದ ಲೆಕ್ಕ: ಒಂದು ಹವಾಯಿ ಚಪ್ಪಲಿ, ಸಾಂಬಾರು ಅಂಟಿದ ಎರಡು ಹಾಳೆ ತಟ್ಟೆ, ಮಾವಿನ ಗೊರಟು, ಅಪ್ಪಯ್ಯನ ಕವಳದ ಚೀಲದ ದಾರ. ಎಲ್ಲವನ್ನೂ ಹಿಂದಿನಿಂದಲೋ ಮುಂದಿನಿಂದಲೋ ಹೊರಗೆ ಹಾಕಿ, ಮತ್ತೆ ಊಟಕ್ಕೆ ಬಂದು ಕೂತವನು.

ಈ ಸಲ ಹಾಗಿಲ್ಲ. ಸೋಮವಾರದಿಂದ ಸುಮ್ನೆ ಮಲಗಿರುತ್ತಾನೆ. ಜಗಲಿಯ ಮೆಟ್ಟಿಲು ಹತ್ತುವುದಿಲ್ಲ. ಕರೆದರೆ ಬಾಲ ಆಡಿಸುತ್ತಾನೆ, ಏಳುವುದಿಲ್ಲ. ಅರ್ಧ ಊಟ ಮಾಡುತ್ತಾನೆ. ನಿನ್ನೆ ರಾತ್ರಿಯಿಂದ ಸಣ್ಣ ಕೆಮ್ಮು. ಇಲ್ಲಿ ಹತ್ತಿರದ ಡಾಕ್ಟರಿಗೆ ತೋರಿಸಿದೆವು. ಉಣ್ಣೆ ಹುಳ ಕಚ್ಚಿ ಬರುವ ಉಣ್ಣೆ ಜ್ವರ ಇರಬಹುದು ಅಂತ ಇಂಜೆಕ್ಷನ್ ಕೊಟ್ಟರು. ಇವತ್ತು ಮುಂಚೆಗಿಂತ ಸುಸ್ತು. ಏನು ನೋಡಬೇಕು, ಹೇಳಿ.

ಬಾಲಬಡುಕ, 7:25

ತಿಂದಿದ್ದು ಹೊಟ್ಟೆಯಲ್ಲೇ ಇರಬಹುದು ಅಣ್ಣ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ. ಆಮೇಲೆ ಹಾಲು, ಮೊಟ್ಟೆ ಕೊಡಿ. ನಮ್ಮಲ್ಲಿ ಹಾಗೇ ಮಾಡುವುದು.

ಪಶುವೈದ್ಯೆ_ಹಾಸನ, 7:32

ದಯವಿಟ್ಟು ಬೇಡ. ಉಪ್ಪು ಜಾಸ್ತಿ ಹೋದರೆ ಅದೇ ವಿಷ, ನಾಯಿಗೆ ಫಿಟ್ಸ್ ಬರಬಹುದು. ಅಲ್ಲದೆ ಮೂರು ದಿನದ ಹಿಂದೆ ತಿಂದದ್ದು ಸಾಮಾನ್ಯವಾಗಿ ಈಗ ಹೊಟ್ಟೆಯಲ್ಲಿ ಇರುವುದಿಲ್ಲ. ವಾಂತಿ ಮಾಡಿಸುವುದಕ್ಕೆ ಅರ್ಥವಿರುವುದು ತಿಂದ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ, ಅದೂ ಆಸ್ಪತ್ರೆಯಲ್ಲಿ. ಹಾಲಿನಿಂದ ಯಾವ ವಿಷವೂ ಇಳಿಯುವುದಿಲ್ಲ.

ತೋಟದಮನೆಯವರೇ, ಮೊದಲು ವಸಡು ನೋಡಿ. ತುಟಿ ಎತ್ತಿ, ಹಲ್ಲಿನ ಮೇಲಿನ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಹಾಗೇ ಜ್ವರ ಎಷ್ಟಿದೆ ಅಂತಲೂ ಹೇಳಿ.

ತೋಟದಮನೆ, 7:41

ಜ್ವರ 100.4. ವಸಡಿನದ್ದೇ ತೊಂದರೆ ಮೇಡಂ. ಹೆಸರಿಗೆ ತಕ್ಕ ಹಾಗೆ ಇವನ ವಸಡೂ ಕಪ್ಪು. ಒತ್ತಿದರೂ ಕಪ್ಪು, ಬಿಟ್ಟರೂ ಕಪ್ಪು.

ಪಶುವೈದ್ಯೆ_ಹಾಸನ, 7:44

ಕಪ್ಪು ನಾಯಿಗಳಲ್ಲಿ ಇದು ಮಾಮೂಲು. ಕೆಳಗಿನ ಕಣ್ಣು ರೆಪ್ಪೆಯನ್ನು ಹೆಬ್ಬೆರಳಿನಿಂದ ನಿಧಾನ ಇಳಿಸಿ, ಒಳಗಿನ ಚರ್ಮ ನೋಡಿ. ನಾಲಿಗೆಯನ್ನೂ ನೋಡಿ. ಬಿಸಿಲಿನಲ್ಲಿ ನೋಡಿ, ಟಾರ್ಚ್ ಬೆಳಕಿನಲ್ಲಿ ಎಲ್ಲವೂ ಬೆಳ್ಳಗೆ ಕಾಣುತ್ತದೆ.

100.4 ನಾಯಿಗೆ ಮಾಮೂಲು ಬಿಸಿ, ಅಂದರೆ ಜ್ವರ ಇಲ್ಲ. ಉಣ್ಣೆ ಜ್ವರದ ಶುರುವಿನಲ್ಲಿ ಸಾಮಾನ್ಯವಾಗಿ ಮೈ ಸುಡುತ್ತದೆ. ಇನ್ನೊಂದು ಪ್ರಶ್ನೆ: ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಅಟ್ಟದಲ್ಲಿ ಯಾರಾದರೂ ಇಲಿ ಪಾಷಾಣ ಇಟ್ಟಿದ್ದಾರಾ?

ತೋಟದಮನೆ, 8:05

ರೆಪ್ಪೆಯ ಒಳಗೆ ಬೆಳ್ಳಗಿದೆ. ಕಾಗದದ ಹಾಗೆ. ಪಕ್ಕದ ಮನೆಯ ನಾಯಿಯನ್ನು ಹಿಡಿದು ಹೋಲಿಸಿದೆ, ಅದರದ್ದು ಕೆಂಪಗಿದೆ.

ಇಲಿ ಪಾಷಾಣ ಇಲ್ಲ ಅಂತಲೇ ಬರೆಯಲು ಹೊರಟಿದ್ದೆ. ಯಾವುದಕ್ಕೂ ಅಪ್ಪಯ್ಯನನ್ನು ಕೇಳಿದೆ. ಹೋದ ಗುರುವಾರ ಅಡಿಕೆ ಚೀಲದ ಹಿಂದೆ ಆರು ಕೇಕ್ ಇಟ್ಟಿದ್ದರಂತೆ! ಹೋಗಿ ನೋಡಿದರೆ ಎರಡೇ ಇವೆ. ನೀಲಿ ಬಣ್ಣದವು. ಪೊಟ್ಟಣದ ಮೇಲೆ ಬ್ರೋಮಾಡಿಯೋಲೋನ್ 0.005% ಅಂತ ಇದೆ. ಇಲಿಯೇ ತಿಂದಿದೆ, ನಾಯಿ ಅಲ್ಲಿಗೆ ಹೋಗುವುದಿಲ್ಲ ಅಂತಾರೆ ಅಪ್ಪಯ್ಯ.

ಪಶುವೈದ್ಯೆ_ಹಾಸನ, 8:09

ಹಿತ್ತಿಲಿನಲ್ಲಿ ಅವನ ಹಳೆಯ ಕಕ್ಕ ಇದ್ದರೆ ಕಡ್ಡಿಯಲ್ಲಿ ಕೆದಕಿ ನೋಡಿ. ಆದರೆ ಅದಕ್ಕಾಗಿ ಕಾಯಬೇಡಿ, ಗಾಡಿ ತೆಗೆಯಿರಿ. ಶಿವಮೊಗ್ಗದಲ್ಲಿ ಪಶುವೈದ್ಯ ಕಾಲೇಜಿದೆ, ರಕ್ತ ಪರೀಕ್ಷೆ ಮಾಡುವ ಕಡೆಗೇ ಹೋಗಿ. ಪೊಟ್ಟಣವನ್ನು ಕೈಯಲ್ಲೇ ಒಯ್ಯಿರಿ.

ಅವನನ್ನು ನಡೆಸಬೇಡಿ, ಎತ್ತಿಕೊಂಡು ಹೋಗಿ. ಕುತ್ತಿಗೆಯ ಬೆಲ್ಟ್ ಬಿಚ್ಚಿ. ಅಲ್ಲಿ ಒತ್ತಿದರೂ ಒಳಗೆ ರಕ್ತ ಸೋರಬಹುದು.

ತೋಟದಮನೆ, 8:20

ಕಕ್ಕದಲ್ಲಿ ನೀಲಿ ಚೂರುಗಳಿವೆ. ಹೊರಟೆವು.

ಮುಧೋಳಪ್ರಿಯ, 9:15

ಅವರು ದಾರಿಯಲ್ಲಿರುವಾಗ ಒಂದು ಸಂಶಯ ಕೇಳಲೇ ಮೇಡಂ? ವಿಷ ತಿಂದ ನಾಯಿ ಅಂದರೆ ನೊರೆ ಕಾರಬೇಕು, ಒದ್ದಾಡಬೇಕು ಅಂತ ನಾನು ತಿಳಿದಿದ್ದೆ. ಇವರ ನಾಯಿ ನಾಲ್ಕು ದಿನ ಆರಾಮಾಗಿ ಓಡಾಡಿಕೊಂಡಿತ್ತಲ್ಲ?

ಪಶುವೈದ್ಯೆ_ಹಾಸನ, 10:40

ಓಪಿಡಿ ಮುಗಿಸಿ ಬಂದೆ. ಆ ನಾಲ್ಕು ದಿನವೇ ಮೋಸ. ಈ ಕೇಕಿನ ಔಷಧ ನೇರವಾಗಿ ರಕ್ತ ಸುರಿಸುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ಲಿವರ್ ತಯಾರಿಸುತ್ತದೆ, ಅದಕ್ಕೆ ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ದೇಹ ಮತ್ತೆ ಮತ್ತೆ ಬಳಸಿಕೊಳ್ಳುತ್ತದೆ. ಪಾಷಾಣ ತಡೆಯುವುದು ಆ ಮರುಬಳಕೆಯನ್ನು. ಮೊದಲೇ ಇದ್ದ ದಾಸ್ತಾನು ಖಾಲಿಯಾಗುವವರೆಗೆ ನಾಯಿ ಕುಣಿದಾಡಿಕೊಂಡೇ ಇರುತ್ತದೆ. ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ ಸೋರಿಕೆ ಶುರು. ಇಲಿಗಳಿಗೆ ಅನುಮಾನ ಬರಬಾರದು ಅಂತಲೇ ನಿಧಾನದ ವಿಷವನ್ನು ಆರಿಸಿಕೊಂಡಿದ್ದಾರೆ. ಆ ಜಾಣತನ ನಾಯಿ ಸಾಕಿದವರಿಗೂ ಏಟು ಕೊಡುತ್ತದೆ.

ಎಲ್ಲರೂ ಮೂಗಿನಲ್ಲಿ ರಕ್ತ ಬರಲಿ ಅಂತ ಕಾಯುತ್ತಾರೆ. ಎಷ್ಟೋ ನಾಯಿಗಳಲ್ಲಿ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಎದೆಗೂಡಿನಲ್ಲಿ ಸೋರಿದರೆ ಕೆಮ್ಮು, ಏದುಸಿರು. ಕೀಲಿನಲ್ಲಿ ಸೋರಿದರೆ ಕುಂಟು. ಇವರು ಹೇಳಿದ ಕೆಮ್ಮು, ಮೆಟ್ಟಿಲು ಹತ್ತದಿರುವುದು, ಎರಡೂ ಅದೇ ಇರಬಹುದು. ಉಣ್ಣೆ ಜ್ವರದಲ್ಲೂ ವಸಡು ಬಿಳಿಚುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ಹಾಗಾಗಿ ಮೊದಲು ನೋಡಿದ ಡಾಕ್ಟರನ್ನು ಬೈಯಬೇಡಿ. ಪಾಷಾಣದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ನೀವು ಹೇಳಿದ ನೊರೆ, ಒದ್ದಾಟ ಬೇರೆ ವಿಷಗಳದ್ದು. ಕೀಟನಾಶಕ ತಿಂದರೆ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗುತ್ತದೆ, ಮಾಂಸಖಂಡ ಅದುರುತ್ತದೆ. ಇಲಿಗೆ ಇಡುವ ಬೂದು ಬಣ್ಣದ ಜಿಂಕ್ ಫಾಸ್ಫೈಡ್ ಪುಡಿಯದ್ದು ಗಂಟೆಗಳ ಲೆಕ್ಕ. ಬಾಯಿ ಬೆಳ್ಳುಳ್ಳಿಯ ಹಾಗೆ, ಕೊಳೆತ ಮೀನಿನ ಹಾಗೆ ವಾಸನೆ ಹೊಡೆಯುತ್ತದೆ. ಅದಕ್ಕೆ ಊಟ ಹಾಕಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ವಿಷಗಾಳಿ ಇನ್ನೂ ಜಾಸ್ತಿ ಏಳುತ್ತದೆ. ವಾಂತಿ ಮಾಡಿದರೆ ನೀವೂ ಮೂಗು ಹತ್ತಿರ ಒಯ್ಯಬೇಡಿ, ಕಿಟಕಿ ಬಾಗಿಲು ತೆಗೆಯಿರಿ.

ಕಾಫಿಕಣ (ಸಕಲೇಶಪುರ), 11:02

ನಮ್ಮ ಕಡೆ ಮಳೆಗಾಲದಲ್ಲಿ ಬಸವನಹುಳಕ್ಕೆ ಹಾಕುವ ಕಾಳು ಇನ್ನೊಂದು ಶನಿ. ತೋಟದಲ್ಲಿ ಉದುರಿದ್ದನ್ನು ನಾಯಿ ನೆಕ್ಕಿಬಿಡುತ್ತದೆ. ನಮ್ಮದು ಎರಡೇ ಗಂಟೆಯಲ್ಲಿ ಗಡಗಡ ನಡುಗಲು ಶುರು ಮಾಡಿತ್ತು, ಮೈ ಕೆಂಡದ ಹಾಗೆ.

ಪಶುವೈದ್ಯೆ_ಹಾಸನ, 11:06

ಹೌದು, ಅದು ಮೆಟಾಲ್ಡಿಹೈಡ್. ನಡುಕ ಶುರುವಾದರೆ ಮನೆಮದ್ದಿಗೆ ಸಮಯವೇ ಇಲ್ಲ.

ಬಾಲಬಡುಕ, 11:30

ಉಪ್ಪು ನೀರು ಹೇಳಿದ್ದಕ್ಕೆ ಕ್ಷಮಿಸಿ. ನಮ್ಮ ಲ್ಯಾಬ್ರಡಾರ್ ನಿನ್ನೆ ಈರುಳ್ಳಿ ಬಜ್ಜಿ ಒಂದು ತಟ್ಟೆ ತಿಂದಿದೆ. ಈಗ ಚೆನ್ನಾಗಿದೆ. ಬಿಡಬಹುದಾ?

ಪಶುವೈದ್ಯೆ_ಹಾಸನ, 11:34

ಇನ್ನೊಂದು ಐದಾರು ದಿನ ಮೂತ್ರದ ಬಣ್ಣ ನೋಡುತ್ತಿರಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಅದೂ ಕೆಲವು ದಿನ ಕಳೆದ ಮೇಲೆಯೇ ತೋರುವುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಸುಸ್ತಾದರೆ ಕರೆದುಕೊಂಡು ಹೋಗಿ. ತಿಂದದ್ದು ದ್ರಾಕ್ಷಿಯೋ ಒಣದ್ರಾಕ್ಷಿಯೋ ಆಗಿದ್ದರೆ ಕಾಯಿರಿ ಅಂತ ಹೇಳುತ್ತಿರಲಿಲ್ಲ. ಅದು ಕಿಡ್ನಿ ಹಾಳು ಮಾಡುತ್ತದೆ, ಎಷ್ಟು ತಿಂದರೆ ಅಪಾಯ ಅನ್ನುವ ಲೆಕ್ಕವೇ ಸಿಗುವುದಿಲ್ಲ.

ತೋಟದಮನೆ, ಬುಧವಾರ ರಾತ್ರಿ 9:50

ಬದುಕಿದ್ದಾನೆ. ರಕ್ತದ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 19 ಇತ್ತು. 37ರ ಮೇಲಿರಬೇಕಂತೆ. ಎದೆಯಲ್ಲಿ ರಕ್ತ ಸೇರಿದೆ. ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ಯಂತ್ರ ಕಾದು ಕಾದು ಸಾಕಾಗಿ ನಿಂತಿತು. ಉಣ್ಣೆ ಜ್ವರದಲ್ಲಿ ಸಾಮಾನ್ಯವಾಗಿ ಕುಸಿಯುವ ಪ್ಲೇಟ್‌ಲೆಟ್ ಇವನಿಗೆ ತೀರಾ ಕಡಿಮೆ ಏನಿರಲಿಲ್ಲ. ಉಣ್ಣೆ ಜ್ವರ ಅಲ್ಲ ಅಂತ ಅಲ್ಲಿಗೆ ತೀರ್ಮಾನವಾಯಿತು. ಶಿವಮೊಗ್ಗದ ಗೆಳೆಯನ 32 ಕೆ.ಜಿ.ಯ ಲ್ಯಾಬ್ರಡಾರ್ ರಕ್ತ ಕೊಟ್ಟಿತು. ಕೊಟ್ಟು ಮುಗಿಸಿ ಎರಡು ಪ್ಯಾಕೆಟ್ ಬಿಸ್ಕೆಟ್ ವಸೂಲಿ ಮಾಡಿತು.

ವಿಟಮಿನ್ ಕೆ ಮಾತ್ರೆ ನಾಲ್ಕು ವಾರ ಅಂದರು. ಅಷ್ಟು ದಿನ ಬೇಕಾ ಮೇಡಂ? ನಮ್ಮ ಪೇಟೆಯ ಅಂಗಡಿಯಲ್ಲಿ ಅದೇ ಇಲ್ಲ, ಕೆ3 ಇದೆ, ಎರಡೂ ಒಂದೇ ಅಂತಾರೆ.

ಪಶುವೈದ್ಯೆ_ಹಾಸನ, 10:05

ಒಂದೇ ಅಲ್ಲ! ಕೆ3 ಈ ವಿಷಕ್ಕೆ ಕೆಲಸ ಮಾಡುವುದಿಲ್ಲ. ಕೆ1 ಬೇಕು, ಫೈಟೋಮೆನಾಡಿಯೋನ್ ಅಂತ ಬರೆದಿರುತ್ತದೆ. ಶಿವಮೊಗ್ಗದಿಂದಲೇ ಪೂರ್ತಿ ತರಿಸಿಟ್ಟುಕೊಳ್ಳಿ. ಜಿಡ್ಡಿನ ಜೊತೆ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ.

ಬ್ರೋಮಾಡಿಯೋಲೋನ್ ಲಿವರಿನಲ್ಲಿ ವಾರಗಟ್ಟಲೆ ಕೂತಿರುತ್ತದೆ. ಹತ್ತು ದಿನಕ್ಕೆ ನಾಯಿ ಓಡಾಡತೊಡಗಿತು ಅಂತ ಮಾತ್ರೆ ನಿಲ್ಲಿಸಿದವರು ಮತ್ತೆ ಮೊದಲಿನಿಂದ ಶುರು ಮಾಡಿದ್ದನ್ನು ನೋಡಿದ್ದೇನೆ. ಕೊನೆಯ ಮಾತ್ರೆ ಕೊಟ್ಟು 48ರಿಂದ 72 ಗಂಟೆ ಬಿಟ್ಟು ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ. ಅದು ಸರಿ ಬಂದರೆ ಮುಗಿಯಿತು. ಅಲ್ಲಿಯವರೆಗೆ ಎಲುಬು ಬೇಡ, ಬೇರೆ ನಾಯಿಗಳ ಜೊತೆ ಕುಸ್ತಿ ಬೇಡ.

ತೋಟದಮನೆ, ಐದು ವಾರದ ನಂತರ

ಪರೀಕ್ಷೆ ಮೊನ್ನೆ ಆಯಿತು, ಎಲ್ಲ ಸರಿಯಿದೆ. ರೆಪ್ಪೆಯ ಒಳಗೆ ದಾಸವಾಳದಷ್ಟು ಕೆಂಪು. ದಿನಾ ಬೆಳಿಗ್ಗೆ ಅಪ್ಪಯ್ಯನೇ ಇಳಿಸಿ ನೋಡುತ್ತಾರೆ, ನನಗೆ ಬಿಡುವುದಿಲ್ಲ. ಕೇಕ್ ಬಿಟ್ಟು ಬೋನು ತಂದಿದ್ದಾರೆ, ಇಲ್ಲಿಯವರೆಗೆ ಮೂರು ಇಲಿ ಬಿದ್ದಿವೆ.

ಮಾತ್ರೆಯನ್ನು ತುಪ್ಪದ ದೋಸೆ ಚೂರಿನಲ್ಲಿ ಸುತ್ತಿ ಕೊಡುತ್ತಿದ್ದೆ. ಈಗ ಮಾತ್ರೆ ನಿಂತಿದೆ, ದೋಸೆ ನಿಲ್ಲಿಸಲು ಅವನು ಒಪ್ಪುತ್ತಿಲ್ಲ. ನಿನ್ನೆ ಕೊಡಲಿಲ್ಲ ಅಂತ ಆಸ್ಪತ್ರೆಯ ಫೈಲ್ ತಿಂದಿದ್ದಾನೆ. ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಸಿಕ್ಕಿದೆ ಮೇಡಂ, ಹೋಗಿದ್ದು ಕಾಗದ ಮಾತ್ರ.