ಸಹಾಯ ಬೇಕು: ಹೃತ್ಕರ್ಣ ಸಂಕುಚಿಸಿದಾಗ ರಕ್ತ ಹಿಂದಕ್ಕೇಕೆ ಹೋಗುವುದಿಲ್ಲ?

ಎಲ್ಲರಿಗೂ ನಮಸ್ಕಾರ. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳ ಪಾಠದಲ್ಲಿ ನಾಲ್ಕು ದಿನಗಳಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಬಲ ಹೃತ್ಕರ್ಣಕ್ಕೆ ದೇಹದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ರಕ್ತನಾಳಗಳಾದ ಮಹಾಭಿಧಮನಿಗಳಿಂದ ಆಮ್ಲಜನಕ ಕಡಿಮೆಯಾದ ರಕ್ತವೂ, ಎಡ ಹೃತ್ಕರ್ಣಕ್ಕೆ ಸಾಮಾನ್ಯವಾಗಿ 4 ಪುಪ್ಫುಸ (ಶ್ವಾಸಕೋಶದ) ಅಭಿಧಮನಿಗಳಿಂದ ಆಮ್ಲಜನಕಯುಕ್ತ ರಕ್ತವೂ ಬರುತ್ತದೆ. ಹೃತ್ಕರ್ಣಗಳಿಗೂ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೂ ನಡುವಿನ ತ್ರಿದಳ ಮತ್ತು ದ್ವಿದಳ ಕವಾಟಗಳು ತೆರೆದಾಗ, ವಿಶ್ರಾಂತಿಯ ಸ್ಥಿತಿಯಲ್ಲಿ, ಹೃತ್ಕುಕ್ಷಿಗಳು ತುಂಬುವುದರಲ್ಲಿ ಸುಮಾರು ಶೇ. 70ರಿಂದ 80ರಷ್ಟು ರಕ್ತ ತಾನಾಗಿಯೇ ಇಳಿದದ್ದು, ಉಳಿದದ್ದನ್ನು ಮಾತ್ರ ಹೃತ್ಕರ್ಣಗಳು ಸಂಕುಚಿಸಿ ತಳ್ಳುತ್ತವೆ. ಇಷ್ಟರಲ್ಲಿ ಗೊಂದಲವಿಲ್ಲ.

ಚಿತ್ರ ಬರೆದು ಬಾಣದ ಗುರುತು ಹಾಕುವಾಗ ತೊಡಕು ಎದುರಾಯಿತು. ಕೆಳಗಿನ ಬಾಗಿಲಿಗೆ ಕವಾಟವಿದೆ, ಆದರೆ ರಕ್ತ ಒಳಬರುವ ಬಾಯಿಗಳಲ್ಲಿ ಪೂರ್ತಿ ಮುಚ್ಚುವ ಕವಾಟವೇ ಇಲ್ಲ. (ಕೆಳ ಮಹಾಭಿಧಮನಿಯ ಬಾಯಲ್ಲಿ ಒಂದು ಮಡಿಕೆಯಿದೆ, ಅದು ಭ್ರೂಣಾವಸ್ಥೆಯ ಉಳಿಕೆ, ನನ್ನ ಪ್ರಶ್ನೆಗೆ ಅದು ಉತ್ತರವಾಗಲಾರದು.) ರಬ್ಬರ್ ಕೊಳವೆಗೆ ನೀರು ತುಂಬಿ, ಎರಡೂ ತುದಿಗಳನ್ನು ತೆರೆದಿಟ್ಟು ನಡುವೆ ಹಿಸುಕಿ ನೋಡಿದೆ, ನೀರು ಎರಡೂ ಕಡೆಗೆ ಚಿಮ್ಮಿ ಪುಸ್ತಕ ಒದ್ದೆಯಾಯಿತೇ ಹೊರತು ಗೊಂದಲ ಬಗೆಹರಿಯಲಿಲ್ಲ. ಕತ್ತಿನ ಅಭಿಧಮನಿಯ ಒತ್ತಡದ ರೇಖೆಯಲ್ಲಿ ಹೃತ್ಕರ್ಣದ ಸಂಕೋಚನದಿಂದಲೇ ‘ಎ’ ತರಂಗ ಎಂಬ ಏರು ಮೂಡುತ್ತದೆ, ಅಂದರೆ ಒತ್ತಡ ಹಿಂದಕ್ಕೂ ತಲುಪುತ್ತದೆ ಎಂದು ಓದಿದ ಮೇಲಂತೂ ಅನುಮಾನ ಇನ್ನಷ್ಟು ಬಲವಾಗಿದೆ.

ತಿಳಿದವರು ದಯವಿಟ್ಟು ಇಷ್ಟನ್ನು ಹೇಳಿ: ರಕ್ತದ ಹೆಚ್ಚಿನ ಪಾಲು ಹಿಂದಕ್ಕೆ ನುಗ್ಗದಂತೆ ಮುಖ್ಯವಾಗಿ ತಡೆಯುವುದು ಅಭಿಧಮನಿಗಳ ಬಾಯಿಯ ಸುತ್ತಲಿನ ಸ್ನಾಯು ಬಿಗಿಯುವುದೋ, ಅಥವಾ ಸಡಿಲಗೊಂಡ ಹೃತ್ಕುಕ್ಷಿಯೊಳಗಿನ ಕಡಿಮೆ ಒತ್ತಡವೋ?